ಹೆಂಡತಿಗೆಂದು ಕೊಂಡ ಕೂದಲು

ಆ ದಿನದ ಡೈರಿಯಲ್ಲಿ ಇರುವುದು ಮೂರೇ ತುಂಡು ವಾಕ್ಯ. "ಮಂಡ್ಯಕ್ಕೆ ಹೋಗಿದ್ದೆ. ಕೊಂಡೆ. ಕ್ಯಾನ್ಸರ್ ಎಂದೆ."

ನನ್ನ ನೆನಪು ಬೇರೆಯೇ ಹೇಳುತ್ತದೆ. ಆ ಮಾತು ನನ್ನ ಬಾಯಿಂದ ಬಂದಿಲ್ಲ. ಅಂಗಡಿಯಾಕೆ ಕೇಳಿದಳು, ನಾನು ತಲೆಯಾಡಿಸಿದೆ, ಅಷ್ಟೆ. ಎರಡು ವರ್ಷದಿಂದ ಹೀಗೇ ನಂಬಿಕೊಂಡಿದ್ದೆ. ಮೊನ್ನೆ ಹಳೆಯ ಡೈರಿ ತೆಗೆದಾಗ ನನ್ನದೇ ಅಕ್ಷರದಲ್ಲಿ ಆ ಮಾತು ಕಂಡಿತು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುವಾಗ ನಮಗೆ ಕಲಿಸಿದ್ದ ಒಂದು ವಿಷಯ ಇನ್ನೂ ತಲೆಯಲ್ಲಿದೆ: ಘಟನೆ ನಡೆದಾಗಲೇ ಬರೆದದ್ದನ್ನು ನಂಬಬೇಕು, ಆಮೇಲೆ ನೆನೆಸಿಕೊಂಡು ಹೇಳಿದ್ದನ್ನು ಅನುಮಾನಿಸಬೇಕು. ಆ ಲೆಕ್ಕದಲ್ಲಿ ಹೇಳಿದವನು ನಾನೇ.

ಓದಿದ್ದು ಇತಿಹಾಸವಾದರೂ ಸಿಕ್ಕಿದ ಕೆಲಸ ಸೋಮನಹಳ್ಳಿಯ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಸ್ಟೋರ್ಸಿನಲ್ಲಿ. ಮನೆ ಮದ್ದೂರಿನಲ್ಲಿ. ನನ್ನದು ಮಧ್ಯಾಹ್ನದ ಪಾಳಿ. ಹೆಂಡತಿ ಮಳವಳ್ಳಿ ರಸ್ತೆಯ ಒಂದು ಹಳ್ಳಿಯಲ್ಲಿ ಶಾಲೆಯ ಟೀಚರು. ಎಂಟೂವರೆಯ ಬಸ್ಸಿಗೆ ಅವಳು ಹೊರಟರೆ ನಾನು ಹೊರಡುವುದು ಒಂದು ಗಂಟೆಗೆ. ನಡುವಿನ ಹೊತ್ತಿನಲ್ಲಿ ಮನೆಯಲ್ಲಿ ನಾನೊಬ್ಬನೇ. ಆ ಹೊತ್ತಿನಲ್ಲಿ ವಾರಕ್ಕೊಮ್ಮೆಯೋ ಎರಡು ಸಲವೋ ನಾನು ಸೀರೆ ಉಡುತ್ತೇನೆ. ಮದುವೆಗೆ ಮುಂಚಿನಿಂದಲೂ ಉಡುತ್ತಿದ್ದೆ. ಯಾಕೆ ಎಂದು ನನ್ನನ್ನೇ ಕೇಳಿಕೊಂಡ ಪುಟಗಳು ಡೈರಿಯಲ್ಲಿ ಬೇಕಾದಷ್ಟಿವೆ. ಒಂದರಲ್ಲೂ ಉತ್ತರವಿಲ್ಲ. ಹೆಂಗಸಾಗಬೇಕೆಂಬ ಆಸೆ ಇಲ್ಲ. ಉಟ್ಟುಕೊಂಡು ಕಾಫಿ ಕುಡಿಯುತ್ತೇನೆ, ಪೇಪರ್ ಓದುತ್ತೇನೆ, ಸೊಪ್ಪು ಬಿಡಿಸುತ್ತೇನೆ. ಆ ಒಂದು ಗಂಟೆ ಬೆನ್ನಿನ ಮೇಲಿನ ಮೂಟೆ ಇಳಿಸಿದ ಹಾಗಿರುತ್ತದೆ. ಆಮೇಲೆ ಮಡಿಸಿಟ್ಟು ಕೆಲಸಕ್ಕೆ ಹೋಗುತ್ತೇನೆ.

ಹೆಂಡತಿಗೆ ಗೊತ್ತಿತ್ತೇ ಎಂದರೆ, ಗೊತ್ತಿತ್ತು ಎನ್ನಲೂ ಆಗದು, ಗೊತ್ತಿರಲಿಲ್ಲ ಎನ್ನಲೂ ಆಗದು. ಮದುವೆಯಾದ ಮೂರನೆಯ ವರ್ಷವೋ ನಾಲ್ಕನೆಯದೋ, ಬೀರು ಮುಂದೆ ನಿಂತು ಅವಳು ಹೇಳಿದ್ದಳು: "ಈ ಸೀರೆ ನಾನು ಹೀಗೆ ಮಡಿಸಲ್ಲ." ಕೇಳಲಿಲ್ಲ, ಹೇಳಿದಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಅಲ್ಲಿಗೆ ಆ ಮಾತು ನಿಂತಿತು. ಆಮೇಲೆ ನನ್ನದೇ ಎರಡು ಸೀರೆ ಕೊಂಡು ಕಾರ್ಖಾನೆಯ ಒಂದು ಪೆಟ್ಟಿಗೆಯಲ್ಲಿಟ್ಟು, ಟೇಪು ಸುತ್ತಿ, ಮೇಲೆ 'ಹಳೇ ಪುಸ್ತಕ' ಎಂದು ಬರೆದು ಅಟ್ಟದ ಮೇಲೆ ಇಟ್ಟೆ. ಅವಳು ಅದನ್ನು ಯಾವತ್ತೂ ತೆರೆದಿಲ್ಲ ಎಂದು ಬರೆಯಹೊರಟು ಪೆನ್ನು ನಿಲ್ಲಿಸಿದೆ. ತೆರೆದಿದ್ದರೂ ಹಾಗೇ ಟೇಪು ಸುತ್ತಿಡುವಷ್ಟು ಅಚ್ಚುಕಟ್ಟು ಅವಳದ್ದು.

ವಯಸ್ಸು ನಲವತ್ತು ದಾಟುವವರೆಗೆ ಕೂದಲಿನ ಯೋಚನೆ ಬಂದಿರಲಿಲ್ಲ. ಆಮೇಲೆ ನನ್ನ ತಲೆ ಮುಂದಿನಿಂದ ಹಿಂದಕ್ಕೆ ಬರಿದಾಗುತ್ತ ಹೋಯಿತು. ಒಂದು ಬೆಳಿಗ್ಗೆ ಸೆರಗು ಹೊದ್ದು ಕನ್ನಡಿ ನೋಡಿದರೆ ಸೀರೆ ಉಟ್ಟ ನನ್ನ ಅಪ್ಪ ಕಂಡ. ನಗು ಬರಬೇಕಿತ್ತು. ಬರಲಿಲ್ಲ. ಆವತ್ತಿನಿಂದ ಸೀರೆ ಉಟ್ಟಾಗ ಕನ್ನಡಿಗೆ ಬೆನ್ನು ಮಾಡಿ ಕೂರುತ್ತಿದ್ದೆ. ಅದೂ ಸಾಕಾಗಿ ಹೋಯಿತು.

ಒಂದು ಸಲ ಫೋನಿನಲ್ಲಿ ವಿಗ್ ಎಂದು ಹುಡುಕಿದೆ. ಆ ಮೇಲಿನ ಇಡೀ ವಾರ ಫೋನು ಎಲ್ಲಿ ಮುಟ್ಟಿದರೂ ಹೆಂಗಸರ ಕೂದಲಿನ ಜಾಹೀರಾತು. ಹೆಂಡತಿ ಕರೆಂಟ್ ಬಿಲ್ ನೋಡಲು ನನ್ನ ಫೋನು ಕೇಳಿದಾಗ ಚಾರ್ಜ್ ಇಲ್ಲ ಎಂದೆ. ತರಿಸಿದರೂ ಪಾರ್ಸಲ್ ಹೋಗುವುದು ಎದುರುಮನೆಗೆ. ನಮ್ಮ ಬೀದಿಯ ಪಾರ್ಸಲ್‌ಗಳೆಲ್ಲ ಅವರ ಜಗಲಿಯಲ್ಲೇ ಇಳಿಯುವುದು. ಮಂಡ್ಯದಲ್ಲಿ ನಾಟಕದ ಡ್ರೆಸ್ಸು ಬಾಡಿಗೆಗೆ ಕೊಡುವವರ ಹತ್ತಿರ ಹೋಗಿ ನೋಡಿದೆ. ಅಲ್ಲಿನ ಮನುಷ್ಯ ನನ್ನನ್ನು ಕೂರಿಸಿ ವಿಚಾರಿಸಿದ.

"ಯಾವ ನಾಟ್ಕ ಸಾ? ಯಾವೂರ ತಂಡ?"

"ನಮ್ಮ ಕಾರ್ಖಾನೇದು. ಹೆಣ್ಣು ಪಾತ್ರಕ್ಕೆ ಕೂದಲು ಬೇಕಿತ್ತು."

"ಎಣ್ ಪಾರ್ಟ್‌ಗೆ ಈಗ ಎಂಗಸ್ರೇ ಬತ್ತಾರಲ್ಲ. ಫೋನ್ ನಂಬ್ರ ಕೊಡ್ಲಾ? ನೀವ್ಯಾಕ್ ತೊಂದ್ರೆ ತಗತೀರಿ. ಮಂತ್ರಿ ಪಾರ್ಟ್ ಮಾಡಿ. ಪೇಟ ಕಟ್‌ಬುಟ್ರೆ ತಲೆ ಕಾಣಾಕಿಲ್ಲ."

ಬೆಂಗಳೂರಿಗೆ ಹೋಗಬಹುದಿತ್ತಲ್ಲ ಎಂದು ಈಗ ಕೇಳಿಕೊಳ್ಳುತ್ತೇನೆ. ನಿಡಘಟ್ಟ ದಾಟಿದರೆ ಒಂದೂವರೆ ಗಂಟೆಯ ದಾರಿ. ಅಲ್ಲಿ ಯಾರು ಯಾರನ್ನು ಕೇಳುತ್ತಾರೆ. ಆದರೂ ಹೋಗಲಿಲ್ಲ. ಹೆದರಿಕೆಯೋ ಸೋಮಾರಿತನವೋ ಹೇಳಲಾರೆ. ದಣಿದಿದ್ದೆ ಎಂದು ಡೈರಿಯಲ್ಲಿದೆ. ಆ ಪದ ಆ ವರ್ಷದ ಡೈರಿಯಲ್ಲಿ ಎಷ್ಟು ಸಲ ಇದೆಯೆಂದರೆ ಅದಕ್ಕೆ ಅರ್ಥವೇ ಉಳಿದಿಲ್ಲ.

ಕೊನೆಗೆ ಹೋದದ್ದು ಮಂಡ್ಯದ ಒಂದು ಓಣಿಯ ಪುಟ್ಟ ಅಂಗಡಿಗೆ. ಬಳೆ, ಕ್ಲಿಪ್ಪು, ಮದುಮಗಳ ಮೊಗ್ಗಿನ ಜಡೆ, ಬ್ಯೂಟಿ ಪಾರ್ಲರಿನ ಸಾಮಾನು ಮಾರುವ ಅಂಗಡಿ. ಅದರ ಮುಂದೆ ಎರಡು ಸಲ ಹಾದುಹೋಗಿ, ಮೂರನೆಯ ಸಲ ಮೆಟ್ಟಿಲು ಹತ್ತಿದೆ. ನಡುವಯಸ್ಸಿನ ಹೆಂಗಸೊಬ್ಬಳು ಬಳೆಗಳನ್ನು ಅಳತೆಯಂತೆ ಜೋಡಿಸುತ್ತಿದ್ದಳು.

"ಏನ್ ಬೇಕಿತ್ತಣ್ಣ?"

"ಕೂದಲು."

"ಚೌರಿಯಾ? ಮದ್ವೆಗಾ?"

"ಅಲ್ಲ. ಪೂರ್ತಿ ತಲೆಗೆ."

ಅವಳು ನನ್ನ ತಲೆ ನೋಡಿದಳು. "ಗಂಡಸ್ರುದ್ದು ಮಡಗಾಕಿಲ್ಲ ಕಣಣ್ಣ."

"ಹೆಂಗಸರದ್ದೇ. ನಮ್ಮನೆಯವರಿಗೆ."

ಅವಳ ದನಿ ಇಳಿಯಿತು. "ಉಸಾರಿಲ್ವಾ?"

ಇಲ್ಲೇ ನನ್ನ ನೆನಪು ತಲೆಯಾಡಿಸುವುದು. ಆದರೆ ಇದರ ಮುಂದಿನ ಮಾತು, ಡೈರಿಯಲ್ಲಿ ಇಲ್ಲದಿದ್ದರೂ, ನೆನಪಿನಲ್ಲಿ ಸ್ಪಷ್ಟವಾಗಿದೆ. "ಅಯ್ಯೋ, ಬುಡ್ತು ಅನ್ನಿ ಅಣ್ಣ," ಎಂದಳು. ಕೆಟ್ಟ ಮಾತು ಆಡಿದವರ ಬಾಯಲ್ಲೇ ಅದನ್ನು ಅಳಿಸಿಹಾಕಲು ನಮ್ಮಲ್ಲಿ ಹೇಳಿಸುವ ಮಾತು ಅದು. ಆಡದ ಮಾತಿಗೆ ಯಾರೂ ಯಾರಿಂದಲೂ ಬಿಡ್ತು ಅನ್ನಿಸುವುದಿಲ್ಲ. ಅಂದರೆ ಡೈರಿಯೇ ಸರಿ. ನಾನು ಆಡಿದ್ದೆ. ಬಿಡ್ತು ಎನ್ನಲಿಲ್ಲ. ಬೇಗ ಮುಗಿಸಿ ಅಲ್ಲಿಂದ ಹೊರಬಿದ್ದರೆ ಸಾಕಾಗಿತ್ತು.

ಅವಳು ಮೇಲಿನ ಅರೆಯಿಂದ ಡಬ್ಬ ಇಳಿಸಿ, ಕೂದಲನ್ನು ಮುಂಗೈ ಮೇಲೆ ಹರಡಿ ಬಾಚಿ ತೋರಿಸಿದಳು. ಸೊಂಟ ಮುಟ್ಟುವಷ್ಟು ಉದ್ದ.

"ಒರಿಜಿನಲ್ಲು. ಯಾರೋ ದೇವ್ರಿಗೆ ಕೊಟ್ಟಿರೋ ಮುಡಿ. ಕಾಲ್ಗೆ ಸೋಕಿಸ್ಬೇಡಿ ಅಂತ ಅವ್ರಿಗೆ ಯೋಳಿ. ತಲೆ ಅಳ್ತೆ ತಂದಿದ್ದೀರಾ?"

"ನನ್ನಷ್ಟೇ."

ಅವಳು ಟೇಪು ತೆಗೆದು ನನ್ನ ತಲೆಯ ಸುತ್ತ ಹಿಡಿದಳು. ಅವಳ ಬೆರಳು ತಣ್ಣಗಿದ್ದವು. "ಗಂಡ ಎಂಡ್ತಿ ಒಂದೇ ಅಳ್ತೆ. ಪುಣ್ಯವಂತ್ರು," ಎಂದು ನಕ್ಕಳು. ನಾನು ನಗಲೇಬೇಕಾಯಿತು. ಕಟ್ಟಿಕೊಡುತ್ತ ಕೇಳಿದಳು:

"ಯಾವೂರಾಯ್ತಣ್ಣ?"

"ಮದ್ದೂರು."

"ಎಣ್ಣು ಎಲ್ಲಿಂದ ತಂದಿದ್ದು?"

"ಪೂರಿಗಾಲಿ."

ಯೋಚಿಸಲಿಲ್ಲ. ನಮ್ಮ ಕಡೆಯವನು ಏನು ಬೇಕಾದರೂ ಸುಳ್ಳು ಹೇಳಿಯಾನು, ಊರು ಕೇಳಿದರೆ ಮಾತ್ರ ನಾಲಗೆ ತಾನೇ ನಿಜ ಹೇಳಿಬಿಡುತ್ತದೆ.

"ನಮ್ಮಕ್ಕನ್ ಕೊಟ್ಟಿರೋದು ಅಲ್ಲಿಗೇ ಕಣಣ್ಣ. ಯಾರ್ ಮನೆ?"

ಅದನ್ನೂ ಹೇಳಿದೆ. ಕೆರೆ ಏರಿ ಪಕ್ಕದ ಮನೆ ಎಂದೆ.

ಮಾರನೆಯ ಬೆಳಿಗ್ಗೆ ಬಾಗಿಲ ಚಿಲಕ ಎರಡು ಸಲ ನೋಡಿ ಬಂದು ಕೂದಲು ಹಾಕಿಕೊಂಡೆ. ಇಷ್ಟು ವರ್ಷ ಕಾದದ್ದಕ್ಕೆ ಏನೋ ಆಗಬೇಕಿತ್ತು ಎಂದು ಈಗ ಅನಿಸುತ್ತದೆ. ಅಂಥದ್ದೇನೂ ಆಗಲಿಲ್ಲ. ಕತ್ತಿನ ಹಿಂದೆ ಒಂದು ಭಾರ, ಸ್ವಲ್ಪ ಸೆಕೆ. ಕನ್ನಡಿಯಲ್ಲಿ ಅಪ್ಪ ಇರಲಿಲ್ಲ. ಯಾರೋ ದಣಿದ ಹೆಂಗಸು, ನಮ್ಮ ದೂರದ ನೆಂಟರ ಪೈಕಿಯವಳ ಹಾಗೆ, ನನ್ನನ್ನು ನೋಡುತ್ತಿದ್ದಳು. ಅವಳ ಎದುರಿಗೆ ಕೂತು ಕಾಫಿ ಕುಡಿದೆ. ಆ ಹತ್ತು ದಿನದಲ್ಲಿ ನಾಲ್ಕು ಸಲ ಹಾಗೆ ಕೂತಿದ್ದೆ ಎಂದು ಡೈರಿಯಲ್ಲಿದೆ.

ಅದರ ಮುಂದಿನ ಭಾನುವಾರ ನನ್ನ ಹೆಂಡತಿಯ ಚಿಕ್ಕವ್ವ ಬಂದರು. ಹೆಂಡತಿ ತಾಯಿಯಿಲ್ಲದ ಮಗು. ಸಾಕಿದವರು ಈ ಚಿಕ್ಕವ್ವ. ಪೂರಿಗಾಲಿಯಿಂದ ಮಳವಳ್ಳಿಗೆ ಒಂದು ಬಸ್ಸು, ಅಲ್ಲಿಂದ ಮದ್ದೂರಿಗೆ ಇನ್ನೊಂದು ಬಸ್ಸು. ಕೈಯಲ್ಲಿ ರಾಗಿ ಹಿಟ್ಟಿನ ಚೀಲ, ಕಂಕುಳಲ್ಲಿ ನುಗ್ಗೆಕಾಯಿ ಕಟ್ಟು. ಚಪ್ಪಲಿಯನ್ನೂ ಬಿಡದೆ ನಡುಮನೆಗೆ ಬಂದರು.

"ಎಲ್ಲವ್ಳೆ ನನ್ ಕೂಸು?"

ಹೆಂಡತಿ ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಟವೆಲ್ ಸುತ್ತಿ ಬಂದಿದ್ದಳು. ಚಿಕ್ಕವ್ವ ಟವೆಲ್ ಕಿತ್ತು, ಒದ್ದೆ ಕೂದಲನ್ನು ಬುಡದಲ್ಲಿ ಹಿಡಿದು ಎಳೆದರು.

"ಬುಡು ಚಿಕ್ಕವ್ವ, ನೋಯ್ತದೆ."

"ಬೇರು ಗಟ್ಟಿಯಾಗದಲ್ಲೇ. ಇದು ನಿಂದೇಯಾ? ಇಲ್ಲ ನಿನ್ ಗಂಡ ಮಂಡ್ಯದಲ್ಲಿ ತಕ್ಕೊಟ್ನಂತಲ್ಲ, ಅದಾ?"

"ಏನ್ ತಕ್ಕೊಟ್ರು?"

ಚಿಕ್ಕವ್ವ ಕೂತು ಎಲ್ಲ ಹೇಳಿದರು. ಬಳೆ ಅಂಗಡಿಯಾಕೆ ಅವಳ ಅಕ್ಕನಿಗೆ ಹೇಳಿದ್ದು, ಅಕ್ಕ ನೀರು ತರುವಾಗ ಇವರಿಗೆ ಹೇಳಿದ್ದು, ಇವರು ಅಲ್ಲೇ ಬಿಂದಿಗೆ ಇಳಿಸಿ ಕೂತದ್ದು. ಹೆಂಡತಿ ನನ್ನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಒದ್ದೆ ಟವೆಲನ್ನು ನಾಲ್ಕು ಮಡಿಕೆ ಮಾಡಿದಳು. ಬಿಚ್ಚಿ ಮತ್ತೆ ಮಡಿಸಿದಳು.

"ಆವತ್ತೇ ಅರಕೆ ಕಟ್ಕಂಡೆ ಕಣವ್ವ. ನನ್ ಮಗ್ಳ ಕೂದ್ಲು ಉಳ್ಸಪ್ಪ, ನನ್ ತಲೇದು ಪೂರ್ತಿ ತಕೊ, ಬೆಟ್ಟಕ್ಕೇ ಬಂದ್ ಕೊಡ್ತೀನಿ ಅಂದೆ. ನೋಡು ಎಂಗ್ ಕಣ್‌ಬುಟ್ಟ."

"ನಂಗೆ ಏನೂ ಆಗೇ ಇಲ್ಲ ಚಿಕ್ಕವ್ವ."

"ನಾನೂ ಅದೇ ಅನ್ನಾದು. ಏನೂ ಆಗ್ನಿಲ್ಲ ನೋಡು."

ಎಪ್ಪತ್ತರ ಹತ್ತಿರ ಬಂದರೂ ಚಿಕ್ಕವ್ವನ ಕೂದಲು ದಟ್ಟ. ಬೆಳ್ಳಿಯ ಬಣ್ಣದ ತುರುಬು, ಮುಷ್ಟಿಗೆ ಸಿಗದಷ್ಟು. ಚಿಕ್ಕಂದಿನಲ್ಲಿ ಆ ಜಡೆಯ ತುದಿ ಹಿಡಿದುಕೊಂಡರೆ ಮಾತ್ರ ನಿದ್ದೆ ಬರುತ್ತಿತ್ತು ಎಂದು ಹೆಂಡತಿ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಈಗ ಅವಳು ಎಷ್ಟು ಗಟ್ಟಿಮುಟ್ಟಾಗಿ ಎದುರಿಗೆ ನಿಂತರೂ ಅದು ಹರಕೆಯ ಫಲವೇ ಆಗುತ್ತಿತ್ತು. ಚಿಕ್ಕವ್ವನ ತಲೆ ಉಳಿಯಬೇಕಾದರೆ ಕಾಯಿಲೆಯೇ ಇರಲಿಲ್ಲ ಎಂದು ಯಾರಾದರೂ ಹೇಳಬೇಕು. ಹಾಗೆ ಹೇಳಿದರೆ ಕೂದಲು ಯಾರಿಗೆ ಎಂಬ ಪ್ರಶ್ನೆ ಬರುತ್ತದೆ. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

"ನೀವೇ ಹೇಳಿ," ಎಂದಳು ಹೆಂಡತಿ. "ಚಿಕ್ಕವ್ವ ಬೆಟ್ಟಕ್ಕೆ ಹೋಗೋದ್ರೊಳಗೆ ಹೇಳಿ."

ಅವಳಿಗೆ ಆಗ ಎಷ್ಟು ಗೊತ್ತಿತ್ತು ಎಂದು ಇವತ್ತಿಗೂ ನಾನು ಕೇಳಿಲ್ಲ.

"ಅತ್ತೆ, ಇವಳಿಗೆ ಕಾಯಿಲೆ ಬಂದೇ ಇಲ್ಲ. ಅಂಗಡೀಲಿ ನಾನು ಸುಳ್ಳು ಹೇಳಿದೆ. ಆ ಕೂದಲು ನನಗೆ."

ಚಿಕ್ಕವ್ವ ನನ್ನ ಬೋಳುತಲೆ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. "ಅಯ್ಯೋ ಅಳಿಮಯ್ಯ, ಮದ್ವೆಯಾಗಿ ಇಪ್ಪತ್ತೊರ್ಸ ಆಯ್ತು. ಇನ್ಯಾರ್ಗೆ ತೋರ್ಸಬೇಕು ತಲೆಯ?"

ನಾನೂ ಜೊತೆಗೆ ನಕ್ಕಿದ್ದರೆ ಮುಗಿದುಹೋಗುತ್ತಿತ್ತು. ವಯಸ್ಸಾದ ಗಂಡಸಿನ ಶೋಕಿ ಎಂದು ಊರೆಲ್ಲ ನಕ್ಕು ಮರೆಯುತ್ತಿತ್ತು. ನಕ್ಕೆನೋ ಏನೋ, ಅದೂ ಸರಿಯಾಗಿ ನೆನಪಿಲ್ಲ. ನಕ್ಕಿದ್ದರೂ ಸಾಲಲಿಲ್ಲ. ಚಿಕ್ಕವ್ವನ ನಗು ನಿಂತಿತು.

"ಸೊಂಟದ್ ಗಂಟ ಉದ್ದ ಅಂದ್ಳಲ್ಲ ಅವ್ಳು?"

"ಹೌದು."

"ಎಂಗಸ್ರುದ್ದಲ್ವಾ ಅದು?"

"ಹೌದು ಅತ್ತೆ. ಮನೇಲಿ ಒಬ್ಬನೇ ಇದ್ದಾಗ ಹಾಕ್ಕೋತೀನಿ. ಸೀರೆ ಉಟ್ಕೊಂಡು."

ಜೀವನದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದು ಹೆಂಡತಿಯ ಚಿಕ್ಕವ್ವನ ಮುಂದೆ, ನುಗ್ಗೆಕಾಯಿ ಕಟ್ಟಿನ ಪಕ್ಕ ಕೂತು. ಹೆಂಡತಿ ಒಳಗೆ ಹೋಗಿ ನೀರು ತಂದಳು. ಚಿಕ್ಕವ್ವ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ಯಾರಾದ್ರೂ ನೋಡವ್ರಾ?"

"ಇಲ್ಲ."

"ನಂಗೆ ಅದೆಲ್ಲ ಗೊತ್ತಾಗಾಕಿಲ್ಲ. ನಿಮ್ ಮನೆ ಇಸ್ಯ," ಎಂದರು. ಆಮೇಲೆ, ಅಳಿಯನಿಗೆ ಕೊಡುವ ಬಹುವಚನ ಕೈಬಿಟ್ಟು ಹೇಳಿದರು: "ಆದ್ರೆ ಇಲ್ದಿರೋ ಕಾಯ್ಲೆಯ ನನ್ ಮಗ್ಳ ಮೇಲೆ ಆಕ್‌ಬುಟ್ಯಲ್ಲಪ್ಪ."

ಸೀರೆಗೂ ಕೂದಲಿಗೂ ಮೂವತ್ತು ವರ್ಷದಿಂದ ಸಮಜಾಯಿಷಿ ಕಟ್ಟಿಟ್ಟುಕೊಂಡಿದ್ದೆ. ಇದನ್ನು ಯಾರಾದರೂ ಕೇಳಿಯಾರು ಎಂದು ಹೊಳೆದೇ ಇರಲಿಲ್ಲ.

"ಹಾಗಾದ್ರೆ ಹರಕೆ ಬೇಡ ಚಿಕ್ಕವ್ವ," ಎಂದಳು ಹೆಂಡತಿ. "ಸುಳ್ಳಿಗೆ ಹೊತ್ತಿದ್ದು. ಬೇಕಾದ್ರೆ ತುದೀಲಿ ಮೂರ್ ಬೆರಳು ಕತ್ತರ್ಸಿ ಕೊಡು."

"ಪೂರ್ತಿ ಅಂದಿವ್ನಿ. ಇವ್ನ್ ಯೋಳಿದ್ದು ಸುಳ್ಳು ಅಂದ್ರೆ ನಾನ್ ದೇವ್ರ ಮುಂದೆ ಅಂದಿದ್ದೂ ಸುಳ್ಳಾ? ನಾನು ಅರಕೆ ಕಟ್ಕಂಡಿದ್ದು ನಿಂಗೆ ಕಣವ್ವ, ಕಾಯ್ಲೆಗಲ್ಲ."

ಬಚ್ಚಿಟ್ಟದ್ದನ್ನು ಹೇಳಿಯೂ ಆ ತಲೆ ಉಳಿಯಲಿಲ್ಲ.

ಆಮೇಲಿನ ಮೂರು ವಾರ ಹೆಂಡತಿ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಗ್ಯಾಸ್ ಬಂತು, ಹಾಲು ಕಾಯಿಸಿ, ಮಳೆ ಬಂದರೆ ಬಟ್ಟೆ ತೆಗೀರಿ. ನನ್ನ ಊಟದ ಡಬ್ಬಿ ಎಂದಿನಂತೆ ಕಟ್ಟೆಯ ಮೇಲಿರುತ್ತಿತ್ತು. ಸೀರೆ ಉಡುವುದನ್ನು ಬಿಟ್ಟುಬಿಡಿ ಎಂದು ಅವಳು ಯಾವತ್ತು ಹೇಳುತ್ತಾಳೋ ಎಂದು ಕಾಯುತ್ತಿದ್ದೆ. ಹೇಳಿದರೆ ಬಿಡುತ್ತೇನೆ ಎಂದೂ ಅಂದುಕೊಂಡೆ. ಬಿಡಲಾರೆ, ಮತ್ತೆ ಎಲ್ಲಿಯೋ ಬಚ್ಚಿಡುತ್ತೇನೆ ಎಂದೂ ಗೊತ್ತಿತ್ತು. ಒಂದು ದಿನ ಸೀರೆಯ ಜೊತೆ ಕೂದಲನ್ನೂ ಇಟ್ಟಿದ್ದ ಪೆಟ್ಟಿಗೆಯನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿ, ಕಾರ್ಖಾನೆಯ ರದ್ದಿ ಅರೆಯುವ ಮೆಷೀನಿನ ಹತ್ತಿರ ನಿಂತು, ಹಾಗೇ ವಾಪಸ್ಸು ತಂದೆ. ದೇವರಿಗೆ ಸಂದ ಕೂದಲು ಎಂಬ ನೆವ ಇತ್ತು. ನೆವಗಳಿಗೆ ನನ್ನಲ್ಲಿ ಬರವಿಲ್ಲ. ಆ ದಿನಗಳ ಡೈರಿಯಲ್ಲಿ "ಮೋಡ. ಮಾತಿಲ್ಲ" ಎಂದಷ್ಟೇ ಇದೆ, ಎಷ್ಟೋ ಪುಟ.

ನಮ್ಮ ಕಡೆ ಬೆಟ್ಟ ಎಂದರೆ ಒಂದೇ, ಘಾಟಿಯ ಮೇಲಿನ ದೇವರ ಬೆಟ್ಟ. ಚಿಕ್ಕವ್ವ ಬಸ್ಸಿನಲ್ಲಿ ಹೋಗುತ್ತೇನೆ ಎಂದರು. ಹೆಂಡತಿ ನನ್ನ ಕಡೆ ನೋಡದೆ, "ಕಾರಲ್ಲಿ ಇವರು ಕರ್ಕೊಂಡು ಹೋಗ್ತಾರೆ," ಎಂದಳು. ಮಳವಳ್ಳಿ ದಾಟಿ, ಪೂರಿಗಾಲಿಯಲ್ಲಿ ಚಿಕ್ಕವ್ವನನ್ನು ಹತ್ತಿಸಿಕೊಂಡು ಹೊರಟೆವು. ಹಿಂದಿನ ಸೀಟಿನಲ್ಲಿ ಅವರಿಬ್ಬರೇ ಊರ ಸಮಾಚಾರ ಮಾತಾಡಿಕೊಂಡರು. ಘಾಟಿ ಶುರುವಾದ ಮೇಲೆ ಚಿಕ್ಕವ್ವ ಮುಂದಕ್ಕೆ ಬಾಗಿ ನನಗೆ ಹೇಳಿದರು:

"ಆ ಅಂಗ್ಡಿಯವ್ಳ ಅಕ್ಕಂಗೆ, ಡಾಕ್ಟ್ರು ರಿಪೋರ್ಟು ಅದ್ಲಾಬದ್ಲಿ ಮಾಡಿದ್ರಂತೆ ಅಂತ ಯೋಳ್‌ಬುಟ್ಟೆ. ಯಾರಾರ ಕೇಳಿದ್ರೆ ನೀನೂ ಅಂಗೇ ಅನ್ನು. ನಿನ್ ದೆಸೆಯಿಂದ ನಾನೂ ಸುಳ್ಳಿ ಆದೆ."

ಮುಡಿ ಕೊಡುವ ಜಾಗದಲ್ಲಿ ಚೀಟಿ ತೆಗೆಸಿದೆ. ಚಿಕ್ಕವ್ವ ತುರುಬು ಬಿಚ್ಚಿ, ಹೇರ್‌ಪಿನ್ನುಗಳನ್ನು ಒಂದೊಂದಾಗಿ ಹೆಂಡತಿಯ ಕೈಗೆ ಹಾಕಿದರು. ನೀರು ಚಿಮುಕಿಸಿಕೊಂಡು ಕೂರುವ ಮೊದಲು ನನ್ನನ್ನು ಕರೆದರು.

"ಇಲ್ ಬಾರಪ್ಪ. ಅಂಗ್ಡೀಲಿ ಬುಡ್ತು ಅಂದಿದ್ಯಾ ಆವತ್ತು?"

"ಇಲ್ಲ."

"ಅಂಗಾರೆ ಈಗ ಅನ್ನು. ನನ್ ತಲೆ ಮ್ಯಾಲೆ ಕತ್ತಿ ಮಡಗಾಕ್ ಮುಂಚೆ ಅನ್ನು."

ನಾನು ಬಾಯಿ ತೆರೆದೆ. ಹೆಂಡತಿ ಎದುರಿಗೆ ನಿಂತಿದ್ದಳು, ಅಂಗೈ ತುಂಬ ಪಿನ್ನು. ಬಿಡ್ತು ಎಂದರೆ ಯಾವುದನ್ನು ಬಿಟ್ಟಂತೆ? ಅಟ್ಟದ ಮೇಲಿನ ಪೆಟ್ಟಿಗೆ ಕಣ್ಣಮುಂದೆ ಬಂತು. ಇಲ್ಲಿ, ಈ ಮುದುಕಿಯ ಮುಂದೆ ನಿಂತು ಅಂದರೆ ಮತ್ತೆ ಮುರಿಯಲಾಗದು ಅನಿಸಿತು. ಕೈಯಲ್ಲಿದ್ದ ಚೀಟಿಯನ್ನು ಮಡಿಸುತ್ತ ನಿಂತೆ.

ಹೆಂಡತಿ ನನ್ನ ಮುಖ ನೋಡಿದಳು. ಮೂರು ವಾರದಲ್ಲಿ ಅದೇ ಮೊದಲು.

"ಆ ಕಾಯಿಲೆ ಮಾತಿಗಷ್ಟೇ ಅನ್ನಿ," ಎಂದಳು. "ಬೇರೇದಕ್ಕೆ ಯಾರೂ ಕೇಳ್ತಿಲ್ಲ."

ಅವಳ ದನಿಯಲ್ಲಿ ಮೆದುತನವೇನೂ ಇರಲಿಲ್ಲ. ಸಾಕಾಗಿಹೋದವರ ದನಿ ಅದು. ಅದನ್ನು ಕ್ಷಮೆ ಎಂದು ನಾನು ಎಲ್ಲಿಯೂ ಬರೆದಿಲ್ಲ.

"ಬಿಡ್ತು," ಎಂದೆ.

ಚಿಕ್ಕವ್ವ ತಲೆ ಬಗ್ಗಿಸಿದರು. ಬೆಳ್ಳಿಯ ಕೂದಲು ಮೊದಲು ಒಂದು ಪಕ್ಕದಿಂದ, ಆಮೇಲೆ ಇನ್ನೊಂದು ಪಕ್ಕದಿಂದ ಜಾರಿತು. ಹೆಂಡತಿ ಅದರ ತುದಿ ಹಿಡಿದುಕೊಂಡಿದ್ದಳು, ಕೊನೆಯ ಎಳೆ ಬೀಳುವವರೆಗೂ.

ಅವರಿಬ್ಬರೂ ಸ್ನಾನಕ್ಕೆ ಹೋದಾಗ ನಾನು ಕಂಬಕ್ಕೆ ಒರಗಿ, ಮುಡಿ ಚೀಟಿಯ ಹಿಂದೆ ಹೆಂಡತಿ ಆಡಿದ ಆ ಎರಡು ವಾಕ್ಯ ಬರೆದುಕೊಂಡೆ. ಮನೆಗೆ ಹೋಗುವಷ್ಟರಲ್ಲಿ ನೆನಪು ಅದನ್ನು ಏನು ಮಾಡುತ್ತಿತ್ತೋ ಗೊತ್ತಿಲ್ಲ. ಚೀಟಿ ಈಗಲೂ ಡೈರಿಯಲ್ಲಿದೆ. ಒಂದು ಮೂಲೆ ಒದ್ದೆಯಾಗಿ ಶಾಯಿ ಕದಡಿದೆ, ಆದರೂ ಓದಬಹುದು.